ಐದು ಐವತ್ತೆರಡರ ಫೋಟೋ

"ಕಾರನ್ನ ನೋಡ್ಬೇಡ ಹುಡುಗಿ. ಕಾರನ್ನ ಪೊಲೀಸ್ರು ಶುಕ್ರವಾರದಿಂದ ನೋಡ್ತಾನೇ ಇದಾರೆ. ಕಾರಿನ ಹಿಂದೆ ಏನಿದೆ, ಅದನ್ನ ನೋಡು."

ಆಲ್ಡರ್ಟ್ ಬ್ರೆಡ್ಡಿನ ಹಲಗೆಯನ್ನು ಪಕ್ಕಕ್ಕೆ ತಳ್ಳಿ, ಎಂಟು ಫೋಟೋಗಳನ್ನು ನನ್ನ ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿ ಹರಡಿದ. ನಾಲ್ಕನೆಯದರ ಮೇಲೆ ಬೆರಳಿಟ್ಟ. ಲೀಸ್ ಮುಗಿದು ವಾಪಸು ಬರುವ ಕಾರುಗಳ ಗೀರು, ತಗ್ಗು, ಒಡಕುಗಳನ್ನು ಸವರಿ ಸವರಿಯೇ ಮೂವತ್ತನಾಲ್ಕು ವರ್ಷ ಸವೆದ ಬೆರಳು.

ಬೂದು ಬಣ್ಣದ ಕಾರಿನ ಬಲ ಮೂತಿ. ದೀಪ ಇಡಿಯಾಗಿತ್ತು, ಬಂಪರಿನ ಮೇಲೆ ಒಂದು ಗೀರೂ ಇರಲಿಲ್ಲ. ಕೆಳಗೆ ಬಿಳಿ ಅಕ್ಷರಗಳಲ್ಲಿ ಗುರುವಾರ, ಸಂಜೆ 5.52 ಎಂದಿತ್ತು. ಆ ಅಕ್ಷರಗಳು ಯಾವ ಅಳತೆಯಲ್ಲಿರಬೇಕು, ಯಾವ ಮೂಲೆಯಲ್ಲಿ ಕೂರಬೇಕು ಎಂದು ಎರಡು ವಾರ ಕೂತು ತೀರ್ಮಾನಿಸಿದವಳು ನಾನೇ. ಕಾರು ವಾಪಸು ಮಾಡುವ ಆ ಆ್ಯಪಿನ ಒಂದೊಂದು ಪರದೆಯನ್ನೂ ರೂಪಿಸಿದವಳು ನಾನು.

ಗುರುವಾರ ಸಂಜೆ ಕಾಲುವೆ ರಸ್ತೆಯಲ್ಲಿ, ನಮ್ಮೂರ ಚರ್ಚಿನಲ್ಲಿ ಆರ್ಗನ್ ನುಡಿಸುವ ರೂಲೊಫ್ಯಾಳ ಸೈಕಲ್ಲಿಗೆ ಗುದ್ದಿ ನಿಲ್ಲದೆ ಹೋದ ಕಾರು ಇದೇ. ಗುದ್ದಿದವನು, ವಾಪಸಾದ ಕಾರುಗಳನ್ನು ಲೀಸ್ ಕಂಪನಿಯ ಯಾರ್ಡಿಗೆ ಒಯ್ಯುವ ಕೆಲಸದ ನನ್ನಣ್ಣ ಲಾಮರ್ಟ್ ಎಂದು ಪೊಲೀಸರು ಅವನನ್ನು ಹಿಡಿದಿಟ್ಟಿದ್ದರು. ನಾಳೆ ಸೋಮವಾರ ಹತ್ತು ಗಂಟೆಗೆ ಅವನು ಅಸ್ಸೆನ್ ಪಟ್ಟಣದ ನ್ಯಾಯಾಧೀಶೆಯ ಮುಂದೆ ನಿಲ್ಲಬೇಕು. ಆಕೆ ಹೂಂ ಅಂದರೆ ಮುಂದಿನ ತಿಂಗಳುಗಳೆಲ್ಲ ಅವನಿಗೆ ಜೈಲು.

"ಗೆಡ್ಡೆ," ಎಂದೆ.

"ಎಷ್ಟು?"

ಕಾರಿನ ಹಿಂದೆ, ರಸ್ತೆಯಾಚೆಯ ಹೊಲದಂಚಿನಲ್ಲಿ, ಸಕ್ಕರೆ ಗೆಡ್ಡೆಗಳ ರಾಶಿ. ಆಳೆತ್ತರಕ್ಕಿಂತ ಹೆಚ್ಚು, ಫೋಟೋದ ಈ ಅಂಚಿನಿಂದ ಆ ಅಂಚಿಗೆ. ಒಂದು ಗೆಡ್ಡೆಯೂ ಜಾರಿರಲಿಲ್ಲ.

"ಪೂರ್ತಿ ರಾಶಿ."

"ಹೂಂ. ಆ ಹೊಲದ ಪಕ್ಕದ್ದು ನನ್ನ ತಮ್ಮಂದು. ಗುರುವಾರ ಹನ್ನೊಂದಕ್ಕೆ ಫ್ಯಾಕ್ಟರಿಯಿಂದ ಯಂತ್ರ ಬಂತು. ಒಂದೂವರೆಗೆ ರಾಶಿ ಖಾಲಿ, ರಸ್ತೆ ತುಂಬಾ ಕೆಸರು. ಬೈಕೊಂಡು ಬೈಕೊಂಡು ಗುಡಿಸಿದವನು ನನ್ನ ತಮ್ಮ." ಅವನು ಕುರ್ಚಿಗೆ ಒರಗಿದ. "ಸಂಜೆ ಐದೂ ಐವತ್ತೆರಡಕ್ಕೆ ಅಲ್ಲಿ ಒಂದು ಗೆಡ್ಡೆ ಕೂಡ ಇರ್ಲಿಲ್ಲ. ಈಗ ಹೇಳು. ನಿನ್ನ ಆ್ಯಪು ಸುಳ್ಳು ಹೇಳುತ್ತಾ?"

ನಾನು ಎರಡು ದಿನದಿಂದ ಅಂಜುತ್ತ ಕಾಯುತ್ತಿದ್ದ ಪ್ರಶ್ನೆ ಅದೇ.

"ಸುಳ್ಳಲ್ಲ ಆಲ್ಡರ್ಟ್. ಅದು ಫೋಟೋ ತೆಗೆದ ಹೊತ್ತಲ್ಲ. ಕಳಿಸಿದ ಹೊತ್ತು."

ಆ ದೀಪ ಒಡೆದದ್ದನ್ನೂ ಅದರ ಸಂದಿಯಲ್ಲಿ ನೀಲಿ ಉಣ್ಣೆಯ ಎಳೆ ಸಿಕ್ಕಿಕೊಂಡಿದ್ದನ್ನೂ ಶುಕ್ರವಾರ ಬೆಳಿಗ್ಗೆ ಯಾರ್ಡಿನಲ್ಲಿ ಮೊದಲು ಕಂಡವನು ಅವನು. ಪೊಲೀಸರಿಗೆ ಫೋನ್ ಮಾಡಿದವನೂ ಅವನೇ. ಆಮೇಲೆ ಊಟ ಸೇರದೆ, ಭಾನುವಾರ ಬೆಳಿಗ್ಗೆ ಎದುರುಗಾಳಿಯಲ್ಲಿ ಹದಿನೆಂಟು ಕಿಲೋಮೀಟರ್ ಸೈಕಲ್ ತುಳಿದು ನನ್ನ ಬಾಗಿಲಿಗೆ ಬಂದಿದ್ದ.

"ಯಾವ ಕತ್ತೆ ಹಾಗೆ ಮಾಡ್ತು?"

"ನಾನೇ."

ಹೇಳಿಕೊಳ್ಳಲು ಕಾರಣವಿತ್ತು. ನಮ್ಮ ಕಡೆಯ ಜವುಗು ಬಯಲಿನಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಕಷ್ಟ. ಜನ ಮನೆಯ ಮುಂದೆ ಫೋಟೋ ತೆಗೆಯುತ್ತಿದ್ದರು, ಅದು ಊರಾಚೆ ಎಲ್ಲೋ ಸಿಗ್ನಲ್ ಸಿಕ್ಕಾಗ ನಮಗೆ ಬಂದು ಸೇರುತ್ತಿತ್ತು. ಮೊದಲು ಎರಡೂ ಹೊತ್ತು ತೋರಿಸುತ್ತಿದ್ದೆವು. ಒಬ್ಬ ಮುದಿ ಪಶುವೈದ್ಯರು ನನ್ನ ಎದುರೇ ಕೂತು, ದಪ್ಪ ಹೆಬ್ಬೆರಳನ್ನು ಪರದೆಯ ಮೇಲೆ ಎತ್ತಿ ಹಿಡಿದು, "ಇದ್ರಲ್ಲಿ ನಂದು ಯಾವ್ದಮ್ಮ? ತಪ್ಪು ಒತ್ತಿದ್ರೆ ನನ್ನ ಮೇಲೆ ಬರುತ್ತಾ?" ಎಂದು ಕೇಳಿ, ಕೊನೆಗೆ ಫೋನ್ ಕೆಳಗಿಟ್ಟು ಎದ್ದುಹೋದರು. ಹನ್ನೆರಡು ಮನೆಗಳ ಅಡುಗೆಮನೆಯಲ್ಲಿ ಕೂತು ನೋಡಿದೆ. ಎಂಟು ಮಂದಿ ಅದೇ ಪರದೆಯಲ್ಲಿ ಸಿಕ್ಕಿ ನಿಂತರು. ಅದಕ್ಕೇ ತೆಗೆದ ಹೊತ್ತನ್ನು ಅಳಿಸಿದೆ. ಫೋಟೋ ಕಳಿಸಿದ ಮೇಲೆ ಅದು ಫೋನಿನಲ್ಲೂ ಉಳಿಯದಂತೆ ಮಾಡಿದೆ, ಜಾಗ ತಿನ್ನುತ್ತದೆ ಎಂದು ಜನ ಗೊಣಗುತ್ತಿದ್ದರು. ಮೊದಲ ಪರದೆಯಲ್ಲಿ ಒಂದು ಸಾಲನ್ನೂ ಸೇರಿಸಿದೆ, ಹನ್ನೊಂದು ಸಲ ತಿದ್ದಿ: ಬೆಳಕಿರುವಾಗಲೇ ಫೋಟೋ ತೆಗೆದಿಡಿ, ಕಳಿಸುವುದು ಆಮೇಲಾದರೂ ಆದೀತು.

ಜನಕ್ಕೆ ಸುಲಭವಾಗಲಿ ಎಂದು ಮಾಡಿದ್ದು. ಈಗ ನೋಡಿದರೆ ನನ್ನಣ್ಣನ ಕುತ್ತಿಗೆಗೆ ಬಂದಿತ್ತು.

"ಕಂಪನಿಯವ್ರು ಪೊಲೀಸ್ರಿಗೆ ಏನಂದ್ರು?"

"ಅದು ಫೋಟೋದ ಹೊತ್ತು ಅಂದ್ರು. ನಮ್ಮ ಮುಖ್ಯಸ್ಥರು ನಿಜವಾಗ್ಲೂ ಹಾಗೇ ಅಂದ್ಕೊಂಡಿದಾರೆ. ನಿನ್ನೆ ಮೂರು ಸಲ ಬರ್ದೆ. ಸೋಮವಾರ ಮಧ್ಯಾಹ್ನ ಮಾತಾಡೋಣ ಅಂದ್ರು."

"ಮಧ್ಯಾಹ್ನ!" ಆಲ್ಡರ್ಟ್ ಕೋಟಿನ ಒಳಜೇಬಿನಿಂದ ತನ್ನ ಕಪ್ಪು ನೋಟ್‌ಬುಕ್ಕು ತೆಗೆದ. ಯಾರ್ಡಿನಲ್ಲಿ ಎಲ್ಲರೂ ಪರದೆ ತೀಡುವಾಗಲೂ ಅವನೊಬ್ಬ ಪೆನ್ಸಿಲಿನಲ್ಲಿ ಬರೆಯುತ್ತಿದ್ದ. ಹುಡುಗರು ನಗುತ್ತಿದ್ದರು. "ಇನ್ನೊಂದು ಕೇಳು. ಈ ಕಾರು ಲೀಸಿಗೆ ಇಟ್ಕೊಂಡಿದ್ದ ಎಗ್ಬರ್ಟ್ ಕಳಿಸಿದ ಎಂಟನೇ ಫೋಟೋದಲ್ಲಿ ಕಾರು ಓಡಿದ ಲೆಕ್ಕ ಎಂಬತ್ತೆಂಟು ಸಾವಿರದ ನಾನೂರ ಹನ್ನೆರಡು ಕಿಲೋಮೀಟರ್. ಶುಕ್ರವಾರ ಯಾರ್ಡಲ್ಲಿ ನಾನು ಬರ್ಕೊಂಡಿದ್ದು ನಾನೂರ ಎಪ್ಪತ್ತು. ಎಗ್ಬರ್ಟನ ಮನೆಯಿಂದ ಯಾರ್ಡಿಗೆ ಮೂವತ್ತೊಂದು. ಐವತ್ತೆಂಟು ಹೇಗೆ ಓಡ್ತು?"

"ಇಪ್ಪತ್ತೇಳು ಜಾಸ್ತಿ."

"ಜಾಸ್ತಿ."

ನನ್ನ ತಲೆ ಮೊದಲ ಸಲ ಸರಿಯಾಗಿ ಓಡಿತು. ರೂಲೊಫ್ಯಾ ಚರ್ಚಿನಲ್ಲಿ ಆರ್ಗನ್ ಅಭ್ಯಾಸ ಮುಗಿಸಿ ಸೈಕಲ್ ಹತ್ತಿದ್ದು ಐದೂ ಇಪ್ಪತ್ತಕ್ಕೆ. ಗೆಡ್ಡೆ ಲಾರಿಯವನು ಅವಳನ್ನು ಕಾಲುವೆಯ ಅಂಚಿನಲ್ಲಿ ಕಂಡದ್ದು ಆರೂ ಐವತ್ತಕ್ಕೆ. ಐದೂ ಐವತ್ತೆರಡಕ್ಕೆ ಕಾರು ಇಡಿಯಾಗಿತ್ತು, ಆರೂ ಹತ್ತಕ್ಕೆ ಲಾಮರ್ಟ್ ಅದನ್ನು ಎಗ್ಬರ್ಟನಿಂದ ಪಡೆದ, ಆದ್ದರಿಂದ ಗುದ್ದಿದವನು ಲಾಮರ್ಟ್. ಪೊಲೀಸರ ಗಣಿತ ಅಷ್ಟೇ. ಆದರೆ ಫೋಟೋ ಬೆಳಗಿನದಾದರೆ? ಆರೂ ಹತ್ತಕ್ಕೆ ಮುಂಚೆ ಕಾರು ಎಲ್ಲೋ ಇಪ್ಪತ್ತೇಳು ಕಿಲೋಮೀಟರ್ ಓಡಿದ್ದರೆ?

"ಎಗ್ಬರ್ಟ್," ಎಂದೆ. ನನ್ನ ಧ್ವನಿ ನನಗೇ ಅಸಹ್ಯವಾಗುವಷ್ಟು ಸಂತೋಷದಿಂದ ಒಡೆಯಿತು. "ಗುದ್ದಿದ್ದು ಎಗ್ಬರ್ಟ್."

"ಇರಬಹುದು. ಆದ್ರೆ ಲಾಮರ್ಟ್ ಕಾರು ತಗೊಳ್ಳುವಾಗ ಮೂತಿ ಯಾಕೆ ನೋಡ್ಲಿಲ್ಲ?"

ಅದಕ್ಕೂ ಉತ್ತರ ನಾನೇ. ಕಾರು ಒಯ್ಯುವವರು ಎಂಟು ಫೋಟೋ ಮತ್ತೆ ತೆಗೆಯಬೇಕೆಂಬ ನಿಯಮವಿತ್ತು. ಹೋದ ಚಳಿಗಾಲ ಲಾಮರ್ಟ್ ಇದೇ ಮೇಜಿನ ಮುಂದೆ ಕೂತು, ಅವರೆಬೇಳೆ ಸೂಪು ಹೀರುತ್ತ ಬೈದಿದ್ದ. "ಕೈಗವಸು ಬಿಚ್ಚು, ಫೋನ್ ಒರೆಸು, ಗೆರೆಯೊಳಗೆ ಕಾರು ಕೂರಿಸು. ಮಳೆಯಲ್ಲಿ ಎಂಟು ಸಲ! ನಿನಗೇನು, ಬೆಚ್ಚಗೆ ಕೂತು ಗೆರೆ ಬರೀತೀಯ." ಮರುವಾರ ಅವನಿಗಾಗಿಯೇ ಒಂದು ದೊಡ್ಡ ಬಟನ್ ಇಟ್ಟೆ, ಕೈಗವಸಿನಲ್ಲೂ ಒತ್ತಬಹುದಾದಷ್ಟು ದೊಡ್ಡದು. 'ಚಾಲಕರು ತೋರಿಸಿದಂತೆಯೇ ಇದೆ.' ಗುರುವಾರ ಆರೂ ಹತ್ತಕ್ಕೆ ಅವನು ಒತ್ತಿದ್ದು ಅದನ್ನೇ.

ಫೋನ್ ಬಡಿದುಕೊಂಡಿತು. ವುಬ್ಬಿನಾ. ಅಣ್ಣನ ಹೆಂಡತಿ, ಬೆಳಗಿನಿಂದ ಆರನೆಯ ಸಲ.

"ಏನಾದ್ರೂ ಸಿಕ್ತಾ ಯಾಂಟಿನ್?"

"ಸಿಕ್ಕೋ ಹಾಗಿದೆ. ನೀನು ಏನಾದ್ರೂ ತಿಂದ್ಯಾ?"

"ಕೂಸು ಹಾಲೇ ಕುಡೀತಿಲ್ಲ. ನಾನೇನ್ ತಿನ್ನಲಿ. ಅವ್ರನ್ನ ಹೊರಗೆ ತಾರೇ, ನಿನಗೆ ಕೈ ಮುಗೀತೀನಿ."

ಮದುವೆಯ ದಿನ ಅಣ್ಣನ ಎದೆಗೂ ಬಾರದ ಅವಳನ್ನು ಬಿಯರ್ ಬಾಟಲಿಯ ಪೆಟ್ಟಿಗೆಯ ಮೇಲೆ ನಿಲ್ಲಿಸಿ ಫೋಟೋ ತೆಗೆದಿದ್ದರು. ಊರೇ ನಕ್ಕಿತ್ತು, ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಿದ್ದಳು. ಈಗ ನಾಲ್ಕು ತಿಂಗಳ ಕೂಸಿನೊಂದಿಗೆ ಒಬ್ಬಳೇ.

"ಸಂಜೆಯೊಳಗೆ ಹೇಳ್ತೀನಿ," ಎಂದು ಕೋಟು ಹಾಕಿಕೊಂಡೆ.

*

ಎಗ್ಬರ್ಟ್ ಬಿತ್ತನೆ ಆಲೂಗಡ್ಡೆ ಕಂಪನಿಗೆ ಹೊಲ ಹೊಲ ತಿರುಗುವವನು. ಊರ ಸಭಾಭವನದ ಅಧ್ಯಕ್ಷ. ಚರ್ಚಿನಿಂದ ಆಗಷ್ಟೇ ಬಂದಿದ್ದ, ಭಾನುವಾರದ ಕರಿ ಬೂಟು ಕಾಲಲ್ಲೇ ಇತ್ತು. ನಮ್ಮನ್ನು ಕಂಡು ಆಶ್ಚರ್ಯಪಡಲಿಲ್ಲ. ಕಾಫಿ ಬಗ್ಗಿಸಿದ, ಬಿಸ್ಕತ್ತಿನ ಡಬ್ಬಿ ತೆರೆದು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು ಮುಚ್ಚಳ ಒತ್ತಿದ.

ಕಿಟಕಿಯಾಚೆ ಬೋಳು ಹೊಲ. ಗೆಡ್ಡೆಯ ರಾಶಿಯಿದ್ದ ಜಾಗದಲ್ಲಿ ಉದ್ದಕ್ಕೆ ಕಪ್ಪು ಕಲೆ.

"ರೂಲೊಫ್ಯಾ ಹೇಗಿದಾಳೆ?" ಎಂದು ಆಲ್ಡರ್ಟ್ ಕೇಳಿದ.

"ಹಾಗೇ. ಕಣ್ಣು ಬಿಟ್ಟಿಲ್ಲ. ಇವತ್ತು ಚರ್ಚಲ್ಲಿ ಆರ್ಗನ್ ಇಲ್ದೇ ಹಾಡಿದ್ವಿ."

ಕಾಲುವೆಯಲ್ಲಿ ನನಗೂ ಲಾಮರ್ಟನಿಗೂ ಈಜು ಕಲಿಸಿದವಳು ರೂಲೊಫ್ಯಾ. ಗಲ್ಲದ ಕೆಳಗೆ ಎರಡು ಬೆರಳಿಟ್ಟು ಹಿಡಿಯುತ್ತಿದ್ದಳು, ಬಿಟ್ಟದ್ದು ಗೊತ್ತೇ ಆಗುತ್ತಿರಲಿಲ್ಲ. ಆ ನೆನಪನ್ನು ಒಳಗೆ ತಳ್ಳಿ ನಾಲ್ಕನೆಯ ಫೋಟೋವನ್ನು ಅವನ ಮುಂದಿಟ್ಟೆ.

"ಇದನ್ನ ಯಾವಾಗ ತೆಗೆದ್ರಿ ಎಗ್ಬರ್ಟ್?"

ತಡವರಿಸುತ್ತಾನೆ ಎಂದುಕೊಂಡಿದ್ದೆ.

"ಬೆಳಿಗ್ಗೆ ಹತ್ತಕ್ಕೆ."

ನಾನು ಆಲ್ಡರ್ಟನತ್ತ ನೋಡಿದೆ. ಅವನು ಬಿಸ್ಕತ್ತನ್ನೇ ನೋಡುತ್ತಿದ್ದ.

"ಹತ್ತಕ್ಕಾ? ಪೊಲೀಸ್ರಿಗೆ ಯಾಕೆ ಹೇಳ್ಲಿಲ್ಲ?"

"ಅವ್ರು ಕೇಳ್ಲಿಲ್ಲ."

"ಕೇಳ್ಲಿಲ್ಲ ಅಂದ್ರೆ?"

"ಐದೂ ಐವತ್ತೆರಡಕ್ಕೆ ಕಳಿಸಿದ್ದು ನೀವೇನಾ ಅಂದ್ರು. ಹೌದು ಅಂದೆ. ಕಾರನ್ನ ಲಾಮರ್ಟ್ ಕೈಗೆ ಕೊಟ್ರಾ ಅಂದ್ರು. ಹೌದು ಅಂದೆ. ಕಾಫಿ ಕುಡಿದು ಹೋದ್ರು."

ನಮ್ಮ ಊರಿನವರ ರೀತಿಯೇ ಹಾಗೆ. ಕೇಳಿದ್ದಕ್ಕೆ ನಿಜ ಹೇಳುತ್ತಾರೆ, ಕೇಳದ್ದನ್ನು ಎಳೆದರೂ ಹೇಳುವುದಿಲ್ಲ. ಬಾಯಿ ಹಾಕುವುದು ಮರ್ಯಾದೆಯಲ್ಲ ಎಂದು ಚಿಕ್ಕಂದಿನಿಂದ ಕಲಿತದ್ದು. ಹೊರಗಿನಿಂದ ಬಂದ ಆ ಇಬ್ಬರು ಪೊಲೀಸರಿಗೆ ಅದು ಗೊತ್ತಿರಲಿಲ್ಲ.

ಕಪ್ಪು ಕೆಳಗಿಟ್ಟೆ.

"ಹಾಗಾದ್ರೆ ನಾನು ಕೇಳ್ತೀನಿ. ಫೋಟೋ ತೆಗೆದ ಮೇಲೆ ಈ ಕಾರು ಐವತ್ತೆಂಟು ಕಿಲೋಮೀಟರ್ ಓಡಿದೆ. ಯಾರ್ಡಿಗೆ ಬರೀ ಮೂವತ್ತೊಂದು. ಉಳಿದ ಇಪ್ಪತ್ತೇಳು ಎಲ್ಲಿಗೆ ಹೋಗಿದ್ರಿ? ಐದೂವರೆಗೆ ಕಾಲುವೆ ರಸ್ತೇಲಿ ಇದ್ರಿ ತಾನೇ? ನನ್ನಣ್ಣ ನಿಮ್ಮ ಬದಲಿಗೆ ಒಳಗೆ ಕೂತಿದಾನೆ, ನೀವು ಚರ್ಚಿಗೆ ಹೋಗಿ ಹಾಡಿ ಬರ್ತೀರಾ!"

"ಯಾಂಟಿನ್," ಎಂದ ಆಲ್ಡರ್ಟ್ ಮೆಲ್ಲಗೆ.

"ಬಿಡು ಆಲ್ಡರ್ಟ್, ಹೇಳ್ಲಿ. ನಮ್ಮಪ್ಪನ ಆಲೂಗಡ್ಡೆ ಉಗ್ರಾಣದಲ್ಲಿ ಆಡ್ತಾ ಇದ್ದಾಗಿಂದ ಬಾಯಿ ಜೋರು ಇವ್ಳದ್ದು." ಎಗ್ಬರ್ಟ್ ಸಿಟ್ಟಾಗಲಿಲ್ಲ. ಅದೇ ನನಗೆ ಭಯ ಹುಟ್ಟಿಸಿತು. ಅವನು ಕಿಟಕಿಯಾಚೆ ನೋಡಿದ, ಮತ್ತೆ ನನ್ನನ್ನು ನೋಡಿದ. ಕಾಯಿಲೆಯವರ ಮನೆಗೆ ಹೋದಾಗ ನೋಡುವ ಹಾಗೆ.

"ಕಾರು ಎಷ್ಟು ಹೊತ್ತಿಗೆ ಕೊಟ್ರಿ ಅಂತ ಕೇಳು."

"ಎಷ್ಟು ಹೊತ್ತಿಗೆ?"

"ಮಧ್ಯಾಹ್ನ ಹನ್ನೆರಡೂವರೆ."

"ಸುಳ್ಳು," ಎಂದೆ.

"ಬಿಸಿ ಊಟಕ್ಕೆ ಕೂತಿದ್ದೆ. ನಿಮ್ಮಣ್ಣ ಮಡಿಚೋ ಸೈಕಲ್ ಹಿಡ್ಕೊಂಡು ಬಂದ, ಸಂಜೆಗೆ ಬರಬೇಕಾದವನು. ಮಧ್ಯಾಹ್ನ ಸ್ವಲ್ಪ ಕಾರು ಬೇಕಿತ್ತು, ಬೇಗ ಕೊಡ್ತೀರಾ ಅಂದ. ನನಗೇನು, ನನ್ನನ್ನ ಕರ್ಕೊಂಡು ಹೋಗೋಕೆ ಆಫೀಸಿನವ್ರು ಬರೋರಿದ್ರು. ಕೀಲಿ ಕೊಟ್ಟೆ. ಒಂದರಿಂದ ಆರೂವರೆ ತನಕ ನಾನು ಎಮ್ಮೆನ್‌ನಲ್ಲಿ ಬೆಳೆಗಾರರ ಸಭೇಲಿ. ನಲವತ್ತು ಜನ ಇದ್ರು, ಯಾರನ್ನ ಬೇಕಾದ್ರೂ ಕೇಳು."

"ಮತ್ತೆ ಐದೂ ಐವತ್ತೆರಡು?"

"ಕಳಿಸೋಕೆ ಮರ್ತಿದ್ದೆ. ಐದೂ ಮುಕ್ಕಾಲಿಗೆ ಲಾಮರ್ಟ್ ಫೋನ್ ಮಾಡ್ದ. ಕಳಿಸಿ, ಈಗ್ಲೇ ಕಳಿಸಿ, ನಿಮ್ಮದು ಬರೋ ತನಕ ನನ್ನ ಬಟನ್ ಸತ್ತಿರುತ್ತೆ ಅಂದ. ಉಸಿರು ಕಟ್ಟಿದ ಹಾಗೆ ಮಾತಾಡ್ತಿದ್ದ. ಸಭೆಯಿಂದ ಎದ್ದು ಹೊರಗೆ ಹೋಗಿ ಕಳಿಸ್ದೆ."

ಫೋಟೋವನ್ನು ನನ್ನ ಕಡೆಗೆ ಎಳೆದುಕೊಂಡೆ.

ಚಾಲಕ ಫೋಟೋ ಕಳಿಸುವವರೆಗೂ ಒಯ್ಯುವವನ ಬಟನ್ ಬೂದು ಬಣ್ಣದಲ್ಲಿ ಸತ್ತಂತೆ ಇರುತ್ತದೆ. ಆ ನಿಯಮ ನನ್ನದು. ಫೋಟೋದ ಮೇಲೆ ಬೀಳುವುದು ಕಳಿಸಿದ ಹೊತ್ತು ಎಂಬ ಗುಟ್ಟು ಗೊತ್ತಿದ್ದದ್ದು ನಮ್ಮ ತಂಡದ ನಾಲ್ವರಿಗೆ. ಜೊತೆಗೆ ಇನ್ನೊಬ್ಬನಿಗೆ, ಸೂಪು ಹೀರುತ್ತ ನನ್ನ ಪರದೆಗಳನ್ನು ಮೊದಲು ಪರೀಕ್ಷಿಸಿ ಕೊಟ್ಟವನಿಗೆ. ನಾನೇ ಹೇಳಿದ್ದೆ, ಹೆಮ್ಮೆಯಿಂದ.

ಐದೂ ಮುಕ್ಕಾಲಿಗೆ ರೂಲೊಫ್ಯಾ ಆಗಲೇ ಕಾಲುವೆಯ ಅಂಚಿನಲ್ಲಿ ಬಿದ್ದಿದ್ದಿರಬೇಕು. ಆ ಹೊತ್ತಿಗೆ ಯಾರಾದರೂ ಅವಳನ್ನು ಕಂಡಿದ್ದರೆ, ಅವಳು ಬಿದ್ದ ಮೇಲೂ ಕಾರು ಇಡಿಯಾಗಿತ್ತು ಎಂದು ಆ ಫೋಟೋಗಳೇ ಸಾಕ್ಷಿ ಹೇಳುತ್ತಿದ್ದವು. ಆದರೆ ಕೆಸರಿನ ರಸ್ತೆಗೆ ಒಂದು ಗಂಟೆ ಯಾರೂ ಬರಲಿಲ್ಲ. ಗುರಾಣಿ ಎಂದು ಹಿಡಿದದ್ದು ಉರುಳಾಗಿತ್ತು.

ನಾಳೆ ನಾನು ನ್ಯಾಯಾಧೀಶೆಯ ಮುಂದೆ ನಿಜ ಹೇಳಿದರೆ ಬಿಡುಗಡೆಯಾಗುವುದು ಎಗ್ಬರ್ಟನ ಹೆಸರು. ಅಣ್ಣನ ಪಾಲಿಗೆ ಮಧ್ಯಾಹ್ನದಿಂದ ಕಾರು ಇಟ್ಟುಕೊಂಡಿದ್ದೂ ಸುಳ್ಳು ಹೇಳಿದ್ದೂ ಬರುತ್ತದೆ.

"ಇನ್ನೊಂದು ಕೇಳ್ತೀನಿ ಎಗ್ಬರ್ಟ್," ಎಂದ ಆಲ್ಡರ್ಟ್. ರೂಲೊಫ್ಯಾಳನ್ನು ವಿಚಾರಿಸಿದ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ. "ಫೋನಲ್ಲಿ ಲಾಮರ್ಟನ ಹಿಂದೆ ಏನಾದ್ರೂ ಕೇಳಿಸ್ತಾ? ಗಾಳಿ, ಗಾಡಿ, ಏನಾದ್ರೂ?"

ಎಗ್ಬರ್ಟ್ ಯೋಚಿಸಿದ. ಇದನ್ನು ಯಾರೂ ಕೇಳಿರಲಿಲ್ಲ.

"ಕೂಸು," ಎಂದ. "ಕೂಸು ಅಳ್ತಾ ಇತ್ತು. ಜೋರಾಗಿ."

*

ಹೊರಗೆ ಬಂದು ನನ್ನ ಕಾರಿನ ಬಾಗಿಲು ಹಿಡಿದು ನಿಂತೆ. ನನ್ನದೂ ಲೀಸಿನ ಕಾರೇ, ಆ ಬೂದು ಕಾರಿನ ಜಾತಿಯದೇ, ಬಣ್ಣ ಬೇರೆ. ಆಲ್ಡರ್ಟ್ ನೋಟ್‌ಬುಕ್ಕು ಬಿಚ್ಚಿ ಗಾಳಿಗೆ ಬೆನ್ನು ತಿರುಗಿಸಿದ.

"ಎಗ್ಬರ್ಟನ ಮನೆಯಿಂದ ನಿಮ್ಮಣ್ಣನ ಮನೆ ಎಷ್ಟು ದೂರ?"

"ಹದಿಮೂರೂವರೆ." ಎಷ್ಟೋ ಸಲ ಸೈಕಲ್ ತುಳಿದ ದಾರಿ. ಹೇಳಿದ ಮೇಲೆ ನನಗೇ ಲೆಕ್ಕ ಸಿಕ್ಕಿತು. ಹೋಗಿ ಬರಲು ಇಪ್ಪತ್ತೇಳು. ಅಣ್ಣನ ಮನೆಯಿಂದ ಯಾರ್ಡಿಗೆ ಹೋಗುವವರು ಮತ್ತೆ ಎಗ್ಬರ್ಟನ ಮನೆಯ ಮುಂದೆಯೇ ಹಾಯಬೇಕು.

"ಐದೂ ಮುಕ್ಕಾಲಿಗೆ ಅವನು ಮನೇಲಿ ಕೂಸಿನ ಹತ್ರ ಇದ್ದ. ಅಲ್ವಾ?"

"ಆಲ್ಡರ್ಟ್, ನೀವು ಏನು ಹೇಳೋಕೆ ಹೊರಟಿದೀರಾ?"

"ನಾನು ಹೇಳಲ್ಲ. ಬರ್ದಿದ್ದನ್ನ ಓದ್ತೀನಿ." ಪೆನ್ಸಿಲಿನ ಸಾಲಿನ ಮೇಲೆ ಬೆರಳು ಓಡಿಸಿದ. "ಆರರ ಮೇಲೆ ಯಾರ್ಡಲ್ಲಿ ಯಾರೂ ಇರಲ್ಲ. ಕಾರು ಗೇಟಿನ ಹತ್ರ ಬಿಟ್ಟು ಕೀಲಿ ಪೆಟ್ಟಿಗೆಯೊಳಗೆ ಹಾಕಿ ಹೋಗ್ತಾರೆ. ಯಾರು ತಂದ್ರು ಅಂತ ಕಂಡವರಿಲ್ಲ. ಶುಕ್ರವಾರ ಬೆಳಿಗ್ಗೆ ಆ ಕಾರಿನ ಬಾಗಿಲು ಮೊದಲು ತೆಗೆದವನು ನಾನು. ಕೂರೋಕೆ ಮುಂಚೆ ಸೀಟು ಎಲ್ಲಿದೆ, ಕನ್ನಡಿ ಎಲ್ಲಿದೆ ಅಂತ ಬರ್ಕೊಳ್ಳೋದು ನನ್ನ ಚಟ. ನಿನ್ನ ಆ್ಯಪಿನಲ್ಲಿ ಅದಕ್ಕೆ ಜಾಗ ಇಲ್ಲ."

"ಇಲ್ಲ," ಎಂದೆ. "ಅದು ಹಾನಿಯಲ್ಲ ಅಂತ ತೆಗೆದೆ."

"ನಿಮ್ಮಣ್ಣ ಎಷ್ಟು ಎತ್ತರ?"

"ಎರಡು ಮೀಟರಿಗೆ ಎರಡು ಬೆರಳು ಕಮ್ಮಿ."

"ಸೀಟು ಪೂರ್ತಿ ಮುಂದಿತ್ತು. ಕೊನೇ ಹಲ್ಲಿನ ತನಕ. ಲಾಮರ್ಟ್ ಅದ್ರಲ್ಲಿ ಕೂತ್ರೆ ಮಂಡಿ ಕಿವಿಗೆ ಬರುತ್ತೆ." ಅವನು ಪುಟವನ್ನು ಹರಿದು, ನಾಲ್ಕಾಗಿ ಮಡಚಿ ನನ್ನ ಕೈಗಿಟ್ಟ. "ಪೊಲೀಸ್ರು ಎಲ್ಲಾ ಫೋಟೋ ಕೇಳಿದ್ರು, ಇದನ್ನ ಕೇಳ್ಲಿಲ್ಲ. ನಾನೂ ಈ ಊರಿನವನೇ ತಾನೇ. ಶುಕ್ರವಾರ ಬಾಯಿ ಬಿಟ್ಟೆ, ನಿಮ್ಮಣ್ಣನ್ನ ಹಿಡ್ಕೊಂಡ್ ಹೋದ್ರು. ಇನ್ನೊಂದು ಸಲ ನಾನಾಗೇ ಬಾಯಿ ಬಿಡಲ್ಲ. ನಾಳೆ ಕೊಡೋದೋ ಹರಿಯೋದೋ ನಿನಗೆ ಬಿಟ್ಟಿದ್ದು."

ಸೈಕಲ್ ಹತ್ತಿ ಹೊರಟುಬಿಟ್ಟ. ಅವನ ಬೆನ್ನು ರಸ್ತೆಯ ಕೊನೆಯಲ್ಲಿ ಚಿಕ್ಕದಾಗುವವರೆಗೂ ನಿಂತಿದ್ದೆ.

ಸಂಜೆ ವುಬ್ಬಿನಾಗೆ ಫೋನ್ ಮಾಡಲಿಲ್ಲ. ಅವಳೂ ಮಾಡಲಿಲ್ಲ. ಬೆಳಗಿನಿಂದ ಆರು ಸಲ ಮಾಡಿದವಳು ಈಗ ಮಾಡಲಿಲ್ಲ ಎಂಬುದು ರಾತ್ರಿಯಿಡೀ ನನ್ನನ್ನು ತಿಂದಿತು.

ಕೊಟ್ಟರೆ ನಾಲ್ಕು ತಿಂಗಳ ಕೂಸಿನ ತಾಯಿ ಹೋಗುತ್ತಾಳೆ. ಹರಿದರೆ ಅಣ್ಣ ಹೋಗುತ್ತಾನೆ, ಅದೂ ತಾನಾಗಿಯೇ, ಬಾಯಿ ಬಿಡದೆ. ಕಾರಿನಲ್ಲಿ ಯಾರಿದ್ದರು ಎಂದು ಪೊಲೀಸರು ಅವನನ್ನು ಕೇಳಿರಲಿಕ್ಕಿಲ್ಲ. ನೀನು ಗುದ್ದಿದೆಯಾ ಎಂದಷ್ಟೇ ಕೇಳಿರುತ್ತಾರೆ.

*

ಸೋಮವಾರ ಎಂಟಕ್ಕೆ ಅವರ ಮನೆಯ ಮುಂದೆ ಕಾರು ನಿಲ್ಲಿಸಿದೆ. ಮಂಜು ಹೊಲದ ಮೇಲೆ ಮೊಣಕಾಲಿನವರೆಗೆ ಕೂತಿತ್ತು. ಆಲ್ಡರ್ಟನ ಪುಟ, ಫೋಟೋದ ಮೇಲಿನ ಹೊತ್ತಿನ ಬಗ್ಗೆ ನಾನು ಬರೆದು ಸಹಿ ಮಾಡಿದ ಹಾಳೆ, ಎರಡೂ ಒಂದು ಲಕೋಟೆಯಲ್ಲಿದ್ದವು. ಲಕೋಟೆ ನನ್ನ ಚೀಲದಲ್ಲಿತ್ತು. ಏನು ಮಾಡುತ್ತೇನೆಂದು ಇನ್ನೂ ಗೊತ್ತಿರಲಿಲ್ಲ. ಅವಳ ಮುಖ ನೋಡಿದರೆ ತಿಳಿದೀತು ಎಂದುಕೊಂಡಿದ್ದೆ.

ವುಬ್ಬಿನಾ ಕೂಸನ್ನು ಪಕ್ಕದ ಮನೆಯವಳ ಕೈಗೆ ಕೊಟ್ಟು ಬಂದಳು. ಮುಖ ತೊಳೆದಿದ್ದಳು, ತಲೆ ಬಾಚಿದ್ದಳು. ಕಣ್ಣು ಮಾತ್ರ ಊದಿತ್ತು.

"ಬಾ," ಎಂದು ಬಾಗಿಲು ತೆರೆಯಲು ಹೋದೆ. ಕೀಲಿ ಕೈಯಿಂದ ಜಾರಿ ಜಲ್ಲಿಯ ಮೇಲೆ ಬಿತ್ತು. ಎತ್ತಿಕೊಂಡೆ. ಮತ್ತೆ ಬಿತ್ತು.

"ಅಯ್ಯೋ, ನಿನ್ನ ಕೈ ನೋಡು ಹೇಗೆ ನಡುಗ್ತಿದೆ. ನಿದ್ದೆ ಮಾಡ್ಲಿಲ್ವಾ?" ಅವಳು ಬಗ್ಗಿ ಕೀಲಿ ಎತ್ತಿಕೊಂಡಳು. "ಆ ಕಡೆ ಕೂತ್ಕೊ. ನಾನು ಓಡಿಸ್ತೀನಿ."

ಬೇಡ ಎನ್ನಲು ಕಾರಣ ಸಿಗಲಿಲ್ಲ. ಹೋಗಿ ಪಕ್ಕದಲ್ಲಿ ಕೂತೆ.

ಅವಳು ಚಾಲಕರ ಸೀಟಿಗೆ ಏರಿದಳು. ಪೆಡಲಿಗೆ ಕಾಲು ಎಟುಕಲಿಲ್ಲ. ನೋಡದೆಯೇ ಎಡಗೈಯನ್ನು ಕೆಳಗೆ ಇಳಿಸಿದಳು. ಈ ಜಾತಿಯ ಕಾರಿನಲ್ಲಿ ಸೀಟಿನ ಸರಳು ಮುಂದುಗಡೆ ಇಲ್ಲ, ಎಡಬದಿಯಲ್ಲಿ, ಬಾಗಿಲ ಸಂದಿಯಲ್ಲಿದೆ. ಹೊಸಬರು ಒಂದು ನಿಮಿಷ ತಡಕಾಡುತ್ತಾರೆ, ನಾನೂ ತಡಕಾಡಿದ್ದೆ.

ಅವಳು ತಡಕಾಡಲಿಲ್ಲ.

ಕಟ್. ಕಟ್. ಕಟ್. ಸೀಟು ಮುಂದೆ ಮುಂದೆ ಹೋಯಿತು. ನಾನು ಎಣಿಸಿದೆ. ಇನ್ನು ಹೋಗಲಾರದೆ ಕೊನೆಯ ಹಲ್ಲಿಗೆ ಕಚ್ಚಿ ನಿಂತಿತು.

ಬೀದಿಯ ಕೊನೆಯ ಸೇತುವೆಯವರೆಗೂ ಅವಳು ಮೆಲ್ಲಗೆ ಓಡಿಸಿದಳು, ಕೂಸನ್ನು ಹಿಂದೆ ಮಲಗಿಸಿಕೊಂಡವಳ ಹಾಗೆ. ಸೇತುವೆಯ ಮುಂದೆ ನಿಲ್ಲಿಸಿ, ರಸ್ತೆಯನ್ನೇ ನೋಡುತ್ತ ಕೇಳಿದಳು.

"ಯಾಂಟಿನ್, ಆ ಐದೂ ಐವತ್ತೆರಡು ಕಳಿಸಿದ ಹೊತ್ತು ಅಂತ, ಇನ್ನೂ ಯಾರಿಗಾದ್ರೂ ಹೇಳಿದ್ಯಾ?"

ನಾನು ಅವಳಿಗೆ ಅದನ್ನು ಎಂದೂ ಹೇಳಿರಲಿಲ್ಲ.

ಮಡಿಲಲ್ಲಿದ್ದ ಚೀಲವನ್ನು ಗಟ್ಟಿಯಾಗಿ ಹಿಡಿದೆ. ಅವಳು ಚೀಲವನ್ನು ನೋಡಿದಳು, ನನ್ನ ಕೈಗಳನ್ನು ನೋಡಿದಳು. ನನ್ನ ಉತ್ತರಕ್ಕೆ ಕಾಯಲಿಲ್ಲ.

ಅಸ್ಸೆನ್ನಿಗೆ ಸೇತುವೆ ದಾಟಿ ಎಡಕ್ಕೆ ಹೋಗಬೇಕು. ವುಬ್ಬಿನಾ ಬಲಕ್ಕೆ ತಿರುಗಿಸಿದಳು, ಕಾಲುವೆ ರಸ್ತೆಗೆ.